ನಿನ್ನೀದು ಹೇಳ್ರಿ

೧೯೫೩ನೆಯ ಇಸವಿ, ನವೆಂಬರ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಗೋಕಾಕ, ನಮ್ಮ ಮೋಜಣಿ ತಂಡದ ಕಚೇರಿಯ ಪಡಸಾಲೆ. ಹಾಜರಿದ್ದವರು: ನಾಲ್ವರು ಸರ್ವೇಯರರು, ಸರಪಳಿ ಹಿಡಿಯುವ ಎಂಟು ಆಳುಗಳು. ತಡವಾಗಿ ಬಂದವರು: ಆ ದಿನವೇ ಅಧಿಕಾರ ವಹಿಸಿಕೊಳ್ಳಬೇಕಾಗಿದ್ದ ಹೊಸ ಹೆಡ್ ಸರ್ವೇಯರರು, ಏಳು ನಿಮಿಷ.

ಗಡಿಯಾರ ನೋಡಿ ಅದನ್ನು ಬರೆದುಕೊಂಡವನು ನಾನು. ಆಗ ನನಗೆ ಇಪ್ಪತ್ತೆರಡು ವರ್ಷ. ಊರು ಕಣಗಲಾ, ಆದರೆ ಬೆಳೆದದ್ದು ಬೋರ್ಡಿಂಗಿನಲ್ಲಿ. ಅಲ್ಲಿ ಐದಕ್ಕೆ ಗಂಟೆ ಬಾರಿಸುತ್ತಿದ್ದರು, ಐದೂಕಾಲಿಗೆ ಹಾಸಿಗೆ ಮಡಚಿರಬೇಕು, ಐದೂವರೆಗೆ ಸಾಲಿನಲ್ಲಿ ನಿಂತಿರಬೇಕು. ಆ ಅಭ್ಯಾಸ ಮೈಗೆ ಹತ್ತಿದ್ದು ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಮೇಲಧಿಕಾರಿಯೇ ತಡವಾಗಿ ಬಂದರೆ ತಂಡ ಹೇಗೆ ನಡೆದೀತು ಎಂದು ಮೊದಲ ದಿನವೇ ನನ್ನ ಮನಸ್ಸು ಹುಳಿಯಾಯಿತು.

ಅವರು ಒಳಗೆ ಬಂದು, ಕೈಯಲ್ಲಿದ್ದ ಚೀಲವನ್ನು ಸಿಕ್ಕಲ್ಲಿ ಇಟ್ಟು, ನಮ್ಮ ಕಡೆ ತಿರುಗಿದರು.

"ಏಳು ಮಿನಿಟ ತಡಾ ಮಾಡೇನ್ರಿ. ಬಸ್ಸಿನ ಮ್ಯಾಲೆ ಹಾಕೂದಿಲ್ಲ, ಹುಕ್ಕೇರಿ ಬಸ್ಸು ವ್ಯಾಳ್ಯಾಕ್ಕ ಬಂದೈತಿ. ನಾನ ಸ್ಟ್ಯಾಂಡಿನ್ಯಾಗ ಚಾ ಕುಡಕೋತ ನಿಂತೆ. ತಪ್ಪು ನಂದು. ನಾಳಿ ಆಗೂದಿಲ್ಲ."

ಮೇಲಧಿಕಾರಿಯ ಬಾಯಿಂದ 'ತಪ್ಪು ನಂದು' ಎಂಬ ಮಾತನ್ನು ನಾವು ಹನ್ನೆರಡೂ ಜನ ಕೇಳಿದ್ದು ಅದೇ ಮೊದಲು. ಎಲ್ಲರೂ ನೆಲ ನೋಡಿದೆವು.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದರೆ ಅವರೇ ಬೇಡ ಎನ್ನುತ್ತಿದ್ದರು. ನಾವೆಲ್ಲ 'ಸಾಹೇಬರು' ಎನ್ನುತ್ತಿದ್ದೆವು, ಇಲ್ಲಿಯೂ ಅಷ್ಟೇ ಸಾಕು. ಹುಕ್ಕೇರಿಯ ಮುಸಲ್ಮಾನ ಮನೆತನ. ತಂದೆ, ಅಜ್ಜ ಎತ್ತು ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವರು. ಇವರು ಮನೆಯಲ್ಲಿ ಮೊದಲು ಸಾಲಿ ಕಲಿತವರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಮಾತು ಮೆಲ್ಲಗೆ. ಎದುರಿನವನು ಮಾತಾಡುವಾಗ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿದ್ದರು.

ನಮ್ಮ ಕೆಲಸ ಏನೆಂದು ಹೇಳಬೇಕು. ಆ ಭಾಗಕ್ಕೆ ಕಾಲುವೆ ಬರುವುದಿತ್ತು. ಕಾಲುವೆಗೆ ಹೋಗುವ ಹೊಲಗಳನ್ನೂ ಅವುಗಳ ಅಕ್ಕಪಕ್ಕದ ಹೊಲಗಳನ್ನೂ ಹೊಸದಾಗಿ ಅಳೆದು ನಕ್ಷೆ ಮಾಡಿ ಮೇಲಿನ ಕಚೇರಿಗೆ ಕಳಿಸಬೇಕು. ಅದಕ್ಕಾಗಿ ಕೂಡಿಸಿದ ತಾತ್ಕಾಲಿಕ ತಂಡ ನಮ್ಮದು. ಅಳೆಯುವುದು ಕಬ್ಬಿಣದ ಸರಪಳಿಯಿಂದ. ಒಂದು ಸರಪಳಿ ಎಂದರೆ ಮೂವತ್ಮೂರು ಅಡಿ, ಅದಕ್ಕೆ ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲ ಇದ್ದ ನೆಲ ಒಂದು ಗುಂಟೆ. ಮುಂದೊಬ್ಬ ಆಳು, ಹಿಂದೊಬ್ಬ ಆಳು ಸರಪಳಿ ಎಳೆದು ಹಿಡಿಯಬೇಕು, ಸರ್ವೇಯರ್ ನಡುವೆ ನಿಂತು ಬರೆದುಕೊಳ್ಳಬೇಕು. ಸರಪಳಿ ಬಿಗಿಯಾಗಿದ್ದರೆ, ಸರಿಯಾಗಿದ್ದರೆ ಹೊಲವೂ ಸರಿ. ಇಲ್ಲದಿದ್ದರೆ ಒಬ್ಬನ ಹೊಲ ಕಾಗದದಲ್ಲಿ ಕುಗ್ಗುತ್ತದೆ.

ಸಾಹೇಬರಿಗಿಂತ ಮೊದಲು ಇದ್ದವರು ಬಹಳ ಕಟ್ಟುನಿಟ್ಟಿನವರು. ಕಟ್ಟುನಿಟ್ಟು ನನಗೆ ಹಿಡಿಸುತ್ತಿತ್ತು, ಸುಳ್ಳು ಹೇಳಲಾರೆ. ಆದರೆ ಅವರು ಕೂಗಿದರೆ ಪಕ್ಕದ ಓಣಿಗೆ ಕೇಳುತ್ತಿತ್ತು. ಅಳತೆಯಲ್ಲಿ ಸಣ್ಣ ತಪ್ಪು ಸಿಕ್ಕಿದ್ದಕ್ಕೆ ಒಬ್ಬ ಸರ್ವೇಯರನನ್ನು ಎಲ್ಲರ ಎದುರು ಬೈದು, ಅದೇ ವಾರ ಮನೆಗೆ ಕಳಿಸಿದ್ದರು. ಅಂದಿನಿಂದ ನಾವು ಒಂದು ವಿದ್ಯೆ ಕಲಿತೆವು. ಎರಡು ಅಳತೆ ಒಂದಕ್ಕೊಂದು ಹೊಂದದಿದ್ದರೆ ಮತ್ತೆ ಹೊಲಕ್ಕೆ ಹೋಗುತ್ತಿರಲಿಲ್ಲ, ರಬ್ಬರು ತೆಗೆದುಕೊಳ್ಳುತ್ತಿದ್ದೆವು. ಕುಳಿತಲ್ಲೇ ಅಂಕಿ ಹೊಂದಿಸುತ್ತಿದ್ದೆವು. ಮೇಲಿನ ಕಚೇರಿಯವರು ದಡ್ಡರಲ್ಲ. ನಮ್ಮ ನಕ್ಷೆಗಳು ಗಂಟುಗಂಟಾಗಿ ಮರಳಿ ಬರುತ್ತಿದ್ದವು. ಬಂದಾಗ ಮತ್ತೆ ಕೂಗಾಟ, ಮತ್ತೆ ರಬ್ಬರು.

ಸಾಹೇಬರು ಬಂದ ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹಾಜರಿದ್ದರು. ನಮ್ಮನ್ನು ಪಡಸಾಲೆಯಲ್ಲಿ ಸುತ್ತ ಕೂಡಿಸಿದರು. ಆಳುಗಳನ್ನೂ ಕೂಡಿಸಿದರು.

"ನಿನ್ನೀದು ಹೇಳ್ರಿ," ಎಂದರು.

ಎಷ್ಟು ನಂಬರು ಹೊಲ ಮುಗಿದವು ಎಂದು ಕೇಳುತ್ತಿದ್ದಾರೆಂದು ತಿಳಿದು ನಾನು ವಹಿ ತೆರೆದೆ. "ಅದಲ್ರಿ," ಎಂದರು. "ನಿನ್ನಿ ಎಲ್ಲಿ ತಪ್ಪೀತು, ಅದನ್ನ ಹೇಳ್ರಿ. ಮೊದಲ ನಾನ ಹೇಳ್ತೇನಿ. ನಾ ನಿನ್ನಿ ತಡಾ ಬಂದೆ, ಮತ್ತ ನಿಮ್ಮ ವಹಿಯಾಗ ಒಂದ ಹಾಳಿ ತಿರುವಿ ಹಾಕುವಾಗ ಮಸಿ ಚೆಲ್ಲಿದೆ. ಈಗ ನೀವು."

ಯಾರೂ ಬಾಯಿ ಬಿಡಲಿಲ್ಲ. ಮರುದಿನವೂ ಅಷ್ಟೇ. ಹದಿನೈದು ದಿನ ಅವರೊಬ್ಬರೇ ತಮ್ಮದನ್ನು ಹೇಳಿದರು. ನಮ್ಮಲ್ಲಿ ಹಿರಿಯ ಸರ್ವೇಯರ್ ಗೋವಿಂದರಾಯರು ಹೊರಗೆ ಬಂದು ಅಂದರು: "ಇವರ ತಪ್ಪು ಕೇಳಿ ಕೇಳಿ ನನಗ ಕಿವಿ ನೋಯಾಕತ್ತಾವು. ನಮಗೂ ಹೇಳಂತಾರಲ್ಲ, ಹೇಳಿದ ಮ್ಯಾಲೆ ಗೊತ್ತಾಕೈತಿ ಇವರ ಖರೆ ಬಣ್ಣ."

ಮೊದಲು ಬಾಯಿ ಬಿಟ್ಟವನು ಯಲ್ಲಪ್ಪ. ಯಲ್ಲಪ್ಪ ನನ್ನ ಹಿಂದಿನ ಆಳು, ಅಂದರೆ ಸರಪಳಿಯ ಹಿಂದಿನ ತುದಿ ಹಿಡಿಯುವವನು. ಅವನು ಯಾಕೆ ಬಾಯಿ ಬಿಟ್ಟ ಎಂಬುದಕ್ಕೆ ಒಂದು ಕಾರಣವಿದೆ. ಸಾಹೇಬರು ಎಲ್ಲರಿಗೂ 'ರೀ' ಹಚ್ಚಿ ಮಾತಾಡುತ್ತಿದ್ದರು. ಆಳುಗಳಿಗೂ. "ಯಲ್ಲಪ್ಪ, ಬರ್ರಿ," ಎಂದು ಮೊದಲ ಸಲ ಕರೆದಾಗ ಯಲ್ಲಪ್ಪ ಹಿಂದೆ ತಿರುಗಿ ಬೇರೆ ಯಾವ ಯಲ್ಲಪ್ಪ ಬಂದಿದ್ದಾನೆಂದು ನೋಡಿದ. ನಾವೆಲ್ಲ ನಕ್ಕೆವು. ಸಾಹೇಬರು ನಗಲಿಲ್ಲ.

ಆ ಬೆಳಿಗ್ಗೆ ಯಲ್ಲಪ್ಪ ಅಂದ: "ಸಾಹೇಬ್ರ, ನಂದೊಂದ ಐತ್ರಿ. ನಾ ಸರಪಳಿ ಬಿಗಿ ಹಿಡಿಯೂದಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಅವನು ಹಿಡಿಯುವುದು ನನ್ನ ಸರಪಳಿ. ಸಾಹೇಬರು ಕೇಳಿದರು: "ಯಾಕ್ರಿ?"

"ಜ್ವಾಳ ಕೊಯ್ದ ಹೊಲದಾಗ ಕೂಳಿ ಚುಚ್ಚತಾವ್ರಿ. ಬರಿಗಾಲು. ಕಾಲ ಎಲ್ಲಿ ಇಡಬೇಕಂತ ನೋಡೂದ್ರಾಗ ಸರಪಳಿ ಸಡ್ಲ ಆಕೈತ್ರಿ."

ಸಾಹೇಬರು ಅಂದು ಹೊಲಕ್ಕೆ ಬಂದು ಚಪ್ಪಲಿ ಬಿಟ್ಟು ಯಲ್ಲಪ್ಪನ ತುದಿಯನ್ನು ತಾವೇ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಕುಂಟುತ್ತಿದ್ದರು. ಸಂಜೆ ಎಂಟು ಜೋಡಿ ಚಪ್ಪಲಿ ಬೇಕೆಂದು ಮೇಲಿನ ಕಚೇರಿಗೆ ಬರೆದರು. ಚಪ್ಪಲಿ ಕೊಡುವ ನಿಯಮ ಇಲ್ಲವೆಂದು ಉತ್ತರ ಬಂತು. ಮತ್ತೆ ಬರೆದರು, ಮತ್ತೆ ಇಲ್ಲವೆಂದು ಬಂತು. ಮೂರನೆಯ ಸಲ ಅಳತೆಯ ಸಾಮಾನುಗಳ ಯಾದಿ ಕಳಿಸುವಾಗ, ಸರಪಳಿ, ಬಾವುಟ, ಗೂಟ ಇವುಗಳ ಕೆಳಗೆ 'ಚಪ್ಪಲಿ, ಎಂಟು ಜೋಡಿ' ಎಂದು ಸೇರಿಸಿದರು. ಮಂಜೂರಾಗಿ ಬಂತು. ಯಲ್ಲಪ್ಪ ಅದನ್ನು ಮೆಟ್ಟಿಕೊಂಡು ಪಡಸಾಲೆಯಲ್ಲಿ ಎರಡು ಸಲ ಆಚೀಚೆ ನಡೆದ. ಆಮೇಲೆ ಅವನು ಹಿಡಿದ ಸರಪಳಿ ತಂತಿಯ ಹಾಗೆ ನಿಲ್ಲುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಸಾಹೇಬರು ಒಂದು ತಾಸು ನಮಾಜಿಗೆ ಹೋಗುತ್ತಿದ್ದರು. ಮೊದಲ ಶುಕ್ರವಾರ ಹೋಗುವ ಮುಂಚೆ ನಮ್ಮನ್ನು ಕೇಳಿದರು: "ವಾರದಾಗ ಒಂದ ತಾಸು ನಂದಂತ ಐತಿ. ನಿಮ್ಮ ತಾಸು ಯಾವುದ್ರಿ?" ಗೋವಿಂದರಾಯರು ಶನಿವಾರ ಸಂಜೆ ಹನಮಪ್ಪನ ಗುಡಿಗೆ ಎಂದರು. ಯಲ್ಲಪ್ಪ ಬಹಳ ಯೋಚನೆ ಮಾಡಿ, "ಮಂಗಳವಾರ ಮಧ್ಯಾಹ್ನ ನಿದ್ದಿ, ಸಾಹೇಬ್ರ," ಎಂದ. ಸಾಹೇಬರು ಅದನ್ನೂ ಬರೆದುಕೊಂಡರು. ನಾನು ನನಗೆ ಅಂಥದ್ದೇನೂ ಬೇಡವೆಂದೆ. "ಹಂಗಾರ ನಿಮ್ಮ ತಾಸು ನನ್ನ ಹಂತ್ಯಾಕ ಇರಲಿ. ಬೇಕಾದಾಗ ಇಸಗೋರಿ," ಎಂದರು. ಮಂಗಳವಾರ ಮಧ್ಯಾಹ್ನ ಯಾವ ಮೇಲಧಿಕಾರಿ ತಪಾಸಣೆಗೆ ಬಂದರೂ ಯಲ್ಲಪ್ಪ ಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದ. ಉಳಿದ ವಾರವೆಲ್ಲ ಅವನು ಕುಳಿತದ್ದನ್ನು ನಾನು ಕಂಡಿಲ್ಲ.

ಅವರು ಹೊಗಳುತ್ತಿದ್ದುದು ಕಡಿಮೆ. 'ಶಾಬಾಸ್' ಎಂಬ ಮಾತು ಅವರ ಬಾಯಿಂದ ನಾನು ಕೇಳಲಿಲ್ಲ. ಕಂಡದ್ದನ್ನು ಕಂಡಂತೆ ಹೇಳುತ್ತಿದ್ದರು: "ನಿನ್ನಿ ಬಿಸಲಾಗ ಆ ಮೂಲಿ ಬಾಂದಗಲ್ಲು ನೋಡಾಕ ಮತ್ತೊಮ್ಮೆ ಹ್ವಾದ್ರಿ. ನಾ ದೂರಿಂದ ನೋಡಿದೆ. ಚಲೋ ಆತು." ಅಷ್ಟೇ. ಆದರೆ ಆ ಮಾತು ಕೇಳಿದವನು ಮರುದಿನ ಗಡಿಯ ಮತ್ತೆರಡು ಬಾಂದಗಲ್ಲು ನೋಡಿ ಬರುತ್ತಿದ್ದ.

ಅವರಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಅವರ ಮೇಜು ಸಂತೆಯಂತಿರುತ್ತಿತ್ತು. ಹೋದ ತಿಂಗಳ ಪತ್ರ ಬೇಕೆಂದರೆ ಚೀಲವನ್ನೇ ನೆಲಕ್ಕೆ ಸುರಿಯುತ್ತಿದ್ದರು. ನಾನು ಅವರಿಗೆ ತಿಳಿಯದಂತೆ ಕಾಗದಗಳನ್ನು ಜೋಡಿಸಿಡುತ್ತಿದ್ದೆ, ಅವರು ನನಗೆ ತಿಳಿಯದಂತೆ ಮತ್ತೆ ಕೆಡಿಸುತ್ತಿದ್ದರು. ಯಾರೇ ಕೆಲಸ ಹೇಳಿದರೂ ಒಲ್ಲೆ ಎನ್ನುತ್ತಿರಲಿಲ್ಲ, ಹೀಗಾಗಿ ಹುಕ್ಕೇರಿಗೆ ಮನೆಗೆ ಹೋಗುವುದು ತಿಂಗಳಿಗೊಮ್ಮೆ ಆದರೆ ಹೆಚ್ಚು. ಒಮ್ಮೆ ನಮ್ಮನ್ನು ಅಲ್ಲಿಗೆ ಕರೆದೊಯ್ದಾಗ ಅವರ ಮನೆಯವರು ನಮಗೆ ಊಟಕ್ಕೆ ಬಡಿಸುತ್ತ ಅಂದರು: "ಮುಂಜಾನೆ ನಿಮ್ಮ ಎಲ್ಲಾರ ತಪ್ಪು ಕೂತು ಕೇಳ್ತಾರಂತ. ನಾ ಹೇಳೂದು ಕೇಳಾಕ ಇವರಿಗೆ ವ್ಯಾಳ್ಯಾ ಇಲ್ಲ." ಸಾಹೇಬರು ತಲೆ ಎತ್ತದೆ, "ಇದು ನಾಳಿ ಮುಂಜಾನೆ ಹೇಳ್ತೇನಿ," ಎಂದರು. ಮರುದಿನ ಬೆಳಿಗ್ಗೆ ಏಳಕ್ಕೆ ಖರೆಯೇ ಹೇಳಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಎಲ್ಲಿ ಬಿಡಾರ ಹೂಡಿದರೂ ನಮ್ಮ ಮೊದಲ ಕೆಲಸ ಅಂಗಳದಲ್ಲಿ ಎರಡು ಕಲ್ಲು ನೆಡುವುದು. ಸಾಹೇಬರ ಹತ್ತಿರ ಒಂದು ಉಕ್ಕಿನ ಟೇಪು ಇತ್ತು. ಅದರಿಂದ ಅಳೆದು, ಎರಡು ಕಲ್ಲುಗಳ ನಡುವೆ ಸರಿಯಾಗಿ ಮೂವತ್ಮೂರು ಅಡಿ ಇಡುತ್ತಿದ್ದರು. ದಿನಾ ಬೆಳಿಗ್ಗೆ ಹೊಲಕ್ಕೆ ಹೊರಡುವ ಮೊದಲು ಪ್ರತಿಯೊಬ್ಬ ಸರ್ವೇಯರ್ ತನ್ನ ಸರಪಳಿಯನ್ನು ಆ ಕಲ್ಲುಗಳ ನಡುವೆ ಹಾಸಿ ನೋಡಬೇಕು. ಎಳೆದಾಡಿ ಎಳೆದಾಡಿ ಕೊಂಡಿಗಳು ಬಾಯಿ ಬಿಟ್ಟು ಸರಪಳಿ ಉದ್ದವಾಗುತ್ತದೆ, ಅದಕ್ಕೆ. ನೋಡಿದ ಮೇಲೆ ವಹಿಯಲ್ಲಿ ಆ ದಿನದ ಚೌಕದಲ್ಲಿ ಸಹಿ ಹಾಕಬೇಕು.

ನಾನು ಸೋಮವಾರವೇ ಆರೂ ದಿನದ ಸಹಿ ಹಾಕಿಬಿಡುತ್ತಿದ್ದೆ. ಕಳ್ಳತನಕ್ಕಲ್ಲ. ಒಂದೇ ಮಸಿ, ಒಂದೇ ಅಳತೆಯ ಅಕ್ಷರ, ಒಂದೇ ಸಾಲು. ವಹಿ ನೋಡಲು ಚೆನ್ನಾಗಿರಲೆಂದು. ಸರಪಳಿಯನ್ನು ಮಾತ್ರ ದಿನಾ ತಪ್ಪದೆ ಹಾಸಿ ನೋಡುತ್ತಿದ್ದೆ. ಒಮ್ಮೆ ಸಾಹೇಬರು ವಹಿ ತಿರುವಿ, "ನಿಮ್ಮ ಸಹಿ ಕವಾಯತಿಗೆ ನಿಂತ ಶಿಪಾಯಿಗಳಂಗ ಅದಾವಲ್ರಿ," ಎಂದಾಗ ನನಗೆ ಒಳಗೊಳಗೆ ಹಿಗ್ಗು.

೧೯೫೫ರ ಮಾರ್ಚ್ ತಿಂಗಳು. ಮೂಡಲಗಿಯ ಕಡೆಯ ದಿನ ನನ್ನ ಸರಪಳಿ ಕಲ್ಲಿಗೆ ಸಿಕ್ಕಿ ಹರಿಯಿತು. ಯಲ್ಲಪ್ಪ ಅದನ್ನು ಅಲ್ಲಿಯ ಕಂಬಾರನ ಹತ್ತಿರ ಒಯ್ದು ದುರಸ್ತಿ ಮಾಡಿಸಿಕೊಂಡು ಬಂದ. "ಇನ್ನ ಇಪ್ಪತ್ತ ವರ್ಷ ಹರಿಯೂದಿಲ್ಲಂತ್ರಿ," ಎಂದ. ನೋಡಿದೆ. ಹರಿದ ಕೊಂಡಿಯ ಜಾಗದಲ್ಲಿ ದಪ್ಪನೆಯ ಹೊಸ ಕೊಂಡಿ. ಸೋಮವಾರ ಮಮದಾಪುರಕ್ಕೆ ಬಿಡಾರ ಸಾಗಿಸುವ ಗಡಿಬಿಡಿ. ವಾರದ ಸಹಿ ಹಾಕಿದೆ. ಸರಪಳಿ ಹಾಸಿ ನೋಡಲಿಲ್ಲ. ಮಂಗಳವಾರ ವಹಿಯಲ್ಲಿ ಸಹಿ ಮೊದಲೇ ಇತ್ತು. ಸಹಿ ಇದ್ದ ಮೇಲೆ ನೋಡಿದ ಹಾಗೇ ಅನಿಸಿತು. ಹೀಗೆ ಹತ್ತು ದಿನ, ಮೂವತ್ತೊಂದು ನಂಬರು ಹೊಲ ಅಳೆದೆ.

ಅದರಲ್ಲಿ ಒಂದು ಗಂಗವ್ವನದು. ಗಂಡ ತೀರಿಕೊಂಡ ಮೇಲೆ ತಾನೇ ಹೊಲ ಮಾಡಿಸುತ್ತಿದ್ದ ಐವತ್ತರ ಹೆಣ್ಣುಮಗಳು. ಹಳೆಯ ದಾಖಲೆಯಲ್ಲಿ ಅವಳ ಹೊಲ ನಾಲ್ಕು ಎಕರೆ ಹತ್ತು ಗುಂಟೆ. ನನ್ನ ಅಳತೆಗೆ ನಾಲ್ಕು ಎಕರೆ ಏಳು ಗುಂಟೆ ಬಂತು.

"ಮೂರು ಗುಂಟೆ ಎಲ್ಲಿ ಹೋತೋ ಯಪ್ಪಾ?" ಎಂದಳು. "ನಿನ್ನ ಚೀಲದಾಗ ಐತೇನ ನೋಡು."

"ಹಳೆ ಅಳತಿ ತಪ್ಪಿರಬೇಕವ್ವಾ. ಸರಪಳಿ ಸುಳ್ಳು ಹೇಳೂದಿಲ್ಲ."

"ಸರಪಳಿ ಹೇಳೂದಿಲ್ಲ. ಹಿಡಿದವರು ಹೇಳ್ತಾರ."

ನಾನು ಬಿರುಸಾಗಿ ಮಾತಾಡಿ ಅವಳನ್ನು ಸುಮ್ಮನಾಗಿಸಿದೆ.

ಎರಡನೆಯ ವಾರದ ಗುರುವಾರ ಮಧ್ಯಾಹ್ನ ನಾನು, ಗೋವಿಂದರಾಯರು ನಕ್ಷೆ ಕೂಡಿಸಲು ಕುಳಿತೆವು. ನನ್ನ ಹೊಲಗಳಿಗೂ ಅವರ ಹೊಲಗಳಿಗೂ ನಡುವೆ ಒಂದೇ ಬದು. ಅವರ ಅಳತೆಯಲ್ಲಿ ಆ ಬದು ಇಪ್ಪತ್ತು ಸರಪಳಿ. ನನ್ನದರಲ್ಲಿ ಹತ್ತೊಂಬತ್ತು ಸರಪಳಿ ಹದಿನಾಲ್ಕು ಆಣೆ.

ಗೋವಿಂದರಾಯರು ಬೀಡಿ ಹಚ್ಚಿ ಅಂದರು: "ಎರಡ ಆಣೆ ಫರಕ. ನೀ ಒಂದ ಆಣೆ ಏರಸು, ನಾ ಒಂದ ಆಣೆ ಇಳಸ್ತೇನಿ. ಎರಡೂ ಮನಿಗೆ ಸುಖ." ನಾನು ಮಾತಾಡುವುದರೊಳಗೆ ರಬ್ಬರು ತೆಗೆದುಕೊಂಡು ತಮ್ಮ ಹಾಳೆಯಲ್ಲಿ ಒಂದು ಆಣೆ ಇಳಿಸಿಯೂ ಬಿಟ್ಟರು.

ನಾನು ಎದ್ದು ಸರಪಳಿ ತೆಗೆದುಕೊಂಡು ಅಂಗಳಕ್ಕೆ ಹೋದೆ. ಒಂದು ತುದಿಯನ್ನು ಕಲ್ಲಿಗೆ ಸಿಕ್ಕಿಸಿ ಎಳೆದೆ. ಇನ್ನೊಂದು ತುದಿ ಎರಡನೆಯ ಕಲ್ಲನ್ನು ದಾಟಿ ನಾಲ್ಕು ಬೆರಳು ಮುಂದೆ ಹೋಯಿತು. ಕಂಬಾರನು ಗಟ್ಟಿ ಇರಲೆಂದು ಹಾಕಿದ ಕೊಂಡಿ ಅಷ್ಟು ಉದ್ದವಾಗಿತ್ತು. ಸರಪಳಿ ಉದ್ದವಾದರೆ ಹೊಲ ಕಾಗದದಲ್ಲಿ ಸಣ್ಣದಾಗುತ್ತದೆ. ಎಕರೆಗೆ ಅರ್ಧ ಗುಂಟೆಯ ಮೇಲೆ ಹೋಗಿತ್ತು. ಮೂವತ್ತೊಂದು ಹೊಲದವರದೂ.

ಒಳಗೆ ಬಂದು ವಹಿ ತೆರೆದೆ. ಎರಡು ವಾರದ ನನ್ನ ಸಹಿಗಳು ಕವಾಯತಿಗೆ ನಿಂತಿದ್ದವು. ಅಂದು ಇನ್ನೂ ಗುರುವಾರ. ಶುಕ್ರವಾರದ್ದೂ ಶನಿವಾರದ್ದೂ ಆಗಲೇ ಇತ್ತು.

ನನ್ನ ನೌಕರಿ ಇನ್ನೂ ತಾತ್ಕಾಲಿಕ. ಕಾಯಂ ಮಾಡಬೇಕೋ ಬೇಡವೋ ಎಂಬ ವರದಿಯನ್ನು ಸಾಹೇಬರು ಆ ತಿಂಗಳ ಕೊನೆಗೆ ಕಳಿಸಬೇಕಾಗಿತ್ತು. ತಪ್ಪು ಅಳತೆ ಒಂದು ಮಾತು, ಸುಳ್ಳು ಸಹಿ ಇನ್ನೊಂದು ಮಾತು. ಹಿಂದಿನವರು ಇದಕ್ಕಿಂತ ಸಣ್ಣದಕ್ಕೆ ಒಬ್ಬನನ್ನು ಮನೆಗೆ ಕಳಿಸಿದ್ದನ್ನು ನಾನೇ ನೋಡಿದ್ದೆ. ಇತ್ತ, ಒಂದು ಆಣೆ ಏರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೊಂಡಿ ತೆಗೆಸಿ ಬೇರೆ ಹಾಕಿಸಿದರೆ ಗುರುತೂ ಇರುತ್ತಿರಲಿಲ್ಲ.

ಮರುದಿನ ಏಳು ಗಂಟೆಗೆ ಎಲ್ಲರೂ ಕೂತೆವು. "ನಿನ್ನೀದು ಹೇಳ್ರಿ," ಎಂದು ಸಾಹೇಬರು ತಮ್ಮದನ್ನು ಹೇಳಿದರು: ಒಬ್ಬ ರೈತನಿಗೆ ಬಾ ಎಂದು ಹೇಳಿ ಮರೆತು, ಅವನನ್ನು ಒಂದು ತಾಸು ಕಾಯಿಸಿದ್ದರು. ಆಮೇಲೆ ನಾನು ಎದ್ದು ನಿಂತೆ. ಎದ್ದು ನಿಲ್ಲುವ ಪದ್ಧತಿ ಇರಲಿಲ್ಲ, ಬೋರ್ಡಿಂಗಿನ ರೂಢಿಗೆ ನಿಂತೆ. ಕೊಂಡಿಯದು, ಕಲ್ಲಿನದು, ಮೂವತ್ತೊಂದು ನಂಬರಿನದು, ಸಹಿಯದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಸಾಹೇಬರು ಸರಪಳಿ ತರಿಸಿ ತಾವೇ ಕಲ್ಲಿನ ನಡುವೆ ಹಾಸಿದರು. ನಾಲ್ಕು ಬೆರಳು. ಬಂದು ಕೂತರು. ಎರಡೂ ವಾರದ ವಹಿ ನೋಡಿದರು.

"ಕೊಂಡಿ ಕಂಬಾರಂದು," ಎಂದರು. "ವಾರಕ್ಕೊಮ್ಮೆ ಎಲ್ಲಾರ ಸರಪಳಿ ನಾ ನೋಡಬೇಕಂತ ಹುಕುಂ ಐತಿ. ಎರಡ ವಾರ ನಾ ನೋಡಿಲ್ಲ. ಅದು ನಂದು. ಆರ ದಿನದ ಸಹಿ ಒಂದ ಮಸಿಯಾಗ ಇದ್ದದ್ದು ನೋಡಿ, ಕೇಳೂದು ಬಿಟ್ಟು ಹೊಗಳೇನಿ. ಅದೂ ನಂದು." ಆಮೇಲೆ ನನ್ನ ಮುಖ ನೋಡಿದರು. "ಅಳತೀದು ಬ್ಯಾರೆ, ಸಹೀದು ಬ್ಯಾರೆ. ಅಳತಿ ಎಲ್ಲಾರೂ ಕೂಡಿ ತಿದ್ದೂಣು. ಸಹಿ ಮಾತ್ರ ನೀವೊಬ್ಬರ ತಿದ್ದಬೇಕು. ಮೂವತ್ತೊಂದು ಮಂದಿ ಮನಿಗೂ ಹೋಗಿ, ನಾ ಸರಪಳಿ ನೋಡದ ಸಹಿ ಹಾಕೇನಿ, ನಿಮ್ಮ ಹೊಲ ಕಡಿಮಿ ತೋರಿಸೇನಿ, ಮತ್ತ ಅಳೀತೇವಿ ಅಂತ ನಿಮ್ಮ ಬಾಯಿಲೇ ಹೇಳಿ ಬರ್ರಿ. ಹೇಳಿದ ಮ್ಯಾಲೆ ಆ ಹೊಲಕ್ಕ ಸರಪಳಿ ಹಾಕೂದು."

ಧ್ವನಿ ಏರಲಿಲ್ಲ. ನನಗೆ ಆಗ ಅನಿಸಿದ್ದು, ಇದಕ್ಕಿಂತ ಕೂಗಿದ್ದರೆ ಹಗುರಾಗುತ್ತಿತ್ತು ಎಂದು.

ಅಷ್ಟರಲ್ಲಿ ಗೋವಿಂದರಾಯರು ಕೆಮ್ಮಿದರು. "ಸಾಹೇಬ್ರ, ನನ್ನ ಹಾಳಿಯಾಗೂ ಒಂದ ಆಣೆ ಇಳದೈತ್ರಿ. ನಿನ್ನಿ. ಅದು ಅದರಷ್ಟಕ್ಕ ಇಳದದ್ದಲ್ಲ."

"ರಬ್ಬರ್ ಯಾರದ್ರಿ?"

"ನಂದ್ರಿ."

ಯಲ್ಲಪ್ಪ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕೆವು, ನಾನೂ. ಮೂವತ್ತು ವರ್ಷದ ಸೇವೆಯಲ್ಲಿ ಗೋವಿಂದರಾಯರು ತಮ್ಮ ತಪ್ಪನ್ನು ತಾವೇ ಹೇಳಿಕೊಂಡದ್ದು ಅದೇ ಮೊದಲಂತೆ. ಅಂದಿನಿಂದ ಅವರ ಮೇಜಿನ ಮೇಲೆ ನಾನು ರಬ್ಬರು ಕಾಣಲಿಲ್ಲ. ಅಳತೆ ಹೊಂದದಿದ್ದರೆ, "ನಡೀರಪಾ, ಹೊಲಕ್ಕ," ಎಂದು ಮೊದಲು ಅವರೇ ಛತ್ರಿ ತೆಗೆದುಕೊಳ್ಳುತ್ತಿದ್ದರು. ಮುಂದಿನ ಎರಡು ವರ್ಷದಲ್ಲಿ ಮೇಲಿನ ಕಚೇರಿಯಿಂದ ಮರಳಿ ಬರುವ ಗಂಟು ಸಣ್ಣದಾಗುತ್ತ ಹೋಗಿ, ಕೊನೆಗೆ ಒಂದು ಲಕೋಟೆಗೆ ಇಳಿಯಿತು. ಬೇರೆ ತಂಡದವರು ನಮ್ಮಲ್ಲಿ ಏನು ಹೊಸ ಯಂತ್ರ ಬಂದಿದೆಯೆಂದು ಕೇಳುತ್ತಿದ್ದರು. ಬಂದಿದ್ದದ್ದು ಇಷ್ಟೇ: ತಪ್ಪು ಆದ ಮರುದಿನ ಬೆಳಿಗ್ಗೆ ಏಳಕ್ಕೇ ತಿಳಿಯುತ್ತಿತ್ತು, ನಕ್ಷೆ ಮುಗಿದು ಆರು ತಿಂಗಳಾದ ಮೇಲಲ್ಲ.

ಆದರೆ ಅದಕ್ಕೆ ಮೊದಲು ಮಮದಾಪುರದ ಮೂವತ್ತೊಂದು ಹೊಲ ಮುಗಿಯಬೇಕಾಗಿತ್ತು. ಉಳಿದ ಮೂವರು ಸರ್ವೇಯರರೂ ತಮ್ಮ ಕೆಲಸ ಬದಿಗಿಟ್ಟು ಬಂದರು. ಸಾಹೇಬರು ನನ್ನ ಸರಪಳಿಯ ಮುಂದಿನ ತುದಿ ಹಿಡಿದರು. ನಾನು ದಿನಾ ಬೆಳಿಗ್ಗೆ ಹೊತ್ತು ಮೂಡುವ ಮೊದಲು ಹೊಲದವರ ಮನೆಗೆ ಹೋಗಿ ಹೇಳಿ ಬರುತ್ತಿದ್ದೆ. ಕೆಲವರು ಬೈದರು. ಒಬ್ಬ ಮುದುಕ ನನ್ನನ್ನು ಕೂಡಿಸಿ ಮಜ್ಜಿಗೆ ಕೊಟ್ಟು, ಆಮೇಲೆ ಬೈದ. ಐದನೆಯ ದಿನ ಮಧ್ಯಾಹ್ನ ಉಳಿದದ್ದು ಗಂಗವ್ವನ ಹೊಲ. ಅದನ್ನು ಕೊನೆಗೆ ಇಟ್ಟುಕೊಂಡವನು ನಾನೇ.

ಅವಳು ಬದುವಿನ ಮೇಲೆ ಕುಳಿತು ನನ್ನ ಮಾತೆಲ್ಲ ಕೇಳಿದಳು.

"ಅವತ್ತ ನನಗ ಏನಂದಿ?"

"ಸರಪಳಿ ಸುಳ್ಳು ಹೇಳೂದಿಲ್ಲ ಅಂದೆ, ಅವ್ವಾ."

"ನಾ ಏನಂದೆ?"

"ಹಿಡಿದವರು ಹೇಳ್ತಾರಂದಿ."

"ಹೂಂ. ಈಗ ಹಿಡೀರಿ."

ಹೊಸ ಅಳತೆಗೆ ನಾಲ್ಕು ಎಕರೆ ಒಂಬತ್ತೂವರೆ ಗುಂಟೆ ಬಂತು. ಗಂಗವ್ವ ಸಾಹೇಬರ ಕಡೆ ತಿರುಗಿ, "ಇನ್ನ ಅರ್ಧಾ ಗುಂಟೆ ಯಾರ ಕೊಡಾವ್ರು?" ಎಂದಳು. ಸಾಹೇಬರು ಬೆವರು ಒರೆಸಿಕೊಂಡು ಅಂದರು: "ಅದು ನಮ್ಮ ಅಜ್ಜಂದಿರ ಕಾಲದ ಸರ್ವೆಯವರ ತಪ್ಪವ್ವಾ. ಅವರನ್ನ ಮುಂಜಾನೆ ಏಳಕ್ಕ ಕೂಡಿಸಿ ಕೇಳಾಕ ಆಗೂದಿಲ್ಲ." ಅವಳು ಸೆರಗು ಬಾಯಿಗೆ ಹಿಡಿದು ನಕ್ಕು, ಎದ್ದು ಹೋದಳು.

ಬಿಡಾರಕ್ಕೆ ಬಂದಾಗ ಸಂಜೆ ಐದೂವರೆ. ತಂಡದ ಪತ್ರಗಳನ್ನು ಚೊಕ್ಕವಾಗಿ ನಕಲು ಮಾಡುವುದು ನನ್ನ ಕೆಲಸವಾಗಿತ್ತು. ಸಾಹೇಬರು ಪೆನ್ಸಿಲಿನಲ್ಲಿ ಬರೆದ ಒಂದು ಹಾಳೆ ಕೊಟ್ಟು, "ಇದನ್ನ ನಕಲ ಮಾಡ್ರಿ, ಇವತ್ತ ಹೋಗಲಿ," ಎಂದರು. ಅದು ನನ್ನ ಬಗೆಗಿನ ವರದಿ.

ನಾನು ಕೂತು ಬರೆಯತೊಡಗಿದೆ. 'ಈ ಸರ್ವೇಯರರು ಹತ್ತು ದಿನ ತಪಾಸ ಮಾಡದ ಸರಪಳಿಯಿಂದ ಅಳತೆ ಮಾಡಿ, ತಪಾಸ ಮಾಡಿದ್ದಾಗಿ ಸಹಿ ಹಾಕಿದ್ದಾರೆ. ಬೇರೆ ಯಾರೂ ಕಂಡುಹಿಡಿಯುವ ಮೊದಲು ತಾವೇ ತಿಳಿಸಿದ್ದಾರೆ. ಮೂವತ್ತೊಂದು ನಂಬರುಗಳ ಮರು ಅಳತೆ ಇಂದಿಗೆ ಪೂರ್ಣವಾಗಿದೆ.' ಇಷ್ಟಾದ ಮೇಲೆ ಒಂದು ಸಾಲು ಇತ್ತು: 'ವಾರದ ತಪಾಸಣೆಯನ್ನು ನಾನು ಎರಡು ವಾರ ಮಾಡಿರಲಿಲ್ಲ.' ಅದರ ಕೆಳಗೆ: 'ಇವರನ್ನು ಕಾಯಂ ಮಾಡಬೇಕೆಂದು ನನ್ನ ಶಿಫಾರಸು.'

ಆ ಒಂದು ಸಾಲಿನಿಂದ ಅವರ ಬಡ್ತಿ ಎರಡು ವರ್ಷ ಹಿಂದೆ ಬಿತ್ತು. ಅದನ್ನು ನನಗೆ ಹೇಳಿದ್ದು ಅವರಲ್ಲ. ಬಹಳ ವರ್ಷಗಳ ಮೇಲೆ, ಅವರು ತೀರಿಕೊಂಡ ಸುದ್ದಿ ಕೇಳಿ ಹುಕ್ಕೇರಿಗೆ ಹೋದಾಗ ಅವರ ಮನೆಯವರು ಹೇಳಿದರು. ಅಷ್ಟು ಹೊತ್ತಿಗೆ ನಾನೇ ಹೆಡ್ ಸರ್ವೇಯರ್ ಆಗಿದ್ದೆ. ಆದರೆ ಆ ಸಂಜೆಯೂ, ಮಮದಾಪುರದಲ್ಲಿ, ಅಷ್ಟು ತಿಳಿಯದಷ್ಟು ಎಳೆಯವನಾಗಿರಲಿಲ್ಲ ನಾನು. ಲೇಖನಿ ನಿಲ್ಲಿಸಿದೆ.

"ಸಾಹೇಬ್ರ, ಈ ಸಾಲು ಬಿಡೂಣ್ರಿ. ಇದು ಇಲ್ಲದಿದ್ರೂ ನಡೀತೈತಿ. ನಿಮಗ ತ್ರಾಸ ಆಕೈತಿ."

ಅವರು ಕಾಲಿನ ಮುಳ್ಳು ತೆಗೆಯುತ್ತ ಕುಳಿತಿದ್ದರು. ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು.

"ಬಿಟ್ಟು ನಕಲ ಮಾಡಿದ್ರ ಅದರ ಕೆಳಗ ನಾ ಸಹಿ ಹಾಕಬೇಕಲ್ರಿ. ಐದ ದಿನ ಮೂವತ್ತೊಂದು ಮನಿ ತಿರುಗಿದವರು ನೀವು. ನೀವ ನನಗ ಸುಳ್ಳು ಸಹಿ ಹಾಕಸ್ತೀರೇನು? ಬರೀರಿ."

ಬರೆದೆ. ಅವರು ಹಾಳೆ ಇಸಿದುಕೊಂಡು, ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಸಹಿ ಹಾಕಿದರು. ನಾನು ಅದನ್ನು ಮಡಚಿ ಲಕೋಟೆಗೆ ಹಾಕಿ, ಅಂಟು ಹಚ್ಚಿ, ಆರೂ ಹತ್ತರ ಬಸ್ಸಿಗೆ ಟಪಾಲಿನ ಚೀಲದಲ್ಲಿ ಕೊಟ್ಟು ಬಂದೆ.